ಟವೆಲ್ಲಿನ ಮೇಲಿನ ಚಾಕು

ನನಗೆ ಅನುಮಾನ ಸ್ವಲ್ಪ ಹೆಚ್ಚು. ಹಾಲು ತೆಳ್ಳಗಿದ್ದರೆ ನೀರು ಬೆರೆಸಿದ್ದಾನೆ ಎಂದು ಎಲ್ಲರೂ ಅನುಮಾನ ಪಡುತ್ತಾರೆ. ಗಟ್ಟಿಯಾಗಿದ್ದರೆ, 'ಇವತ್ತೇಕೆ ಇಷ್ಟು ಗಟ್ಟಿ? ಏನು ಮಸಲತ್ತು?' ಎಂದು ಯೋಚಿಸುವವನು ಹೊಳೆನರಸೀಪುರದಲ್ಲಿ ನಾನೊಬ್ಬನೇ ಇರಬೇಕು. "ದೇವರೇ ಬಂದು ವರ ಕೊಡ್ತೀನಿ ಅಂದ್ರೂ, ಮೊದ್ಲು ಆಧಾರ್ ಕಾರ್ಡ್ ತೋರ್ಸಪ್ಪ ಅಂತೀರಿ ನೀವು" ಎನ್ನುತ್ತಾಳೆ ನನ್ನ ಹೆಂಡತಿ ಪುಟ್ಟಮ್ಮ. ಎಸ್ಸೆಸ್ಸೆಲ್ಸಿ ಮುಗಿಸಿ ಸೈಕಲ್ ಅಂಗಡಿ ಇಟ್ಟವನು ನಾನು. ಬಾಡಿಗೆ ಸೈಕಲ್ಲು ಒಯ್ದವರು ಬೆಲ್ಲು ಬಿಚ್ಚಿಕೊಂಡು ವಾಪಸು ತರುತ್ತಿದ್ದ ಕಾಲದಲ್ಲಿ ಕಲಿತ ಬುದ್ಧಿ ಇದು. ಅಂಗಡಿ ಮುಚ್ಚಿದರೂ ಬುದ್ಧಿ ಮುಚ್ಚಲಿಲ್ಲ. ಈ ವಯಸ್ಸಿನಲ್ಲಿ ಅದರಿಂದ ಒಬ್ಬ ಗೆಳೆಯನಿಗೆ ಮಾಡಿದ ಅನ್ಯಾಯವನ್ನು ಯಾರಿಗಾದರೂ ಹೇಳಿಕೊಳ್ಳಬೇಕು. ಮನೆಯಲ್ಲಿ ಹೇಳಿದರೆ ನಗುತ್ತಾರೆ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ನಮ್ಮದೊಂದು ವಾಟ್ಸಾಪ್ ಬಳಗವಿದೆ, ಹೆಸರು 'ಜೇಬಿನ ಚಾಕು'. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ನನ್ನಂಥ ಕೆಲವು ಮುದುಕರು ಅದರಲ್ಲಿದ್ದೇವೆ. ಮಡಿಚುವ ಹಳೇ ಚಾಕುವಿಲ್ಲದೆ ಮನೆಯಿಂದ ಹೊರಡದವರು. ಬೆಳಿಗ್ಗೆ ಎದ್ದು, ಆ ದಿನ ಜೇಬಿಗೆ ಯಾವ ಚಾಕು ಹಾಕಿಕೊಂಡೆವೋ ಅದನ್ನು ಅಂಗೈ ಮೇಲಿಟ್ಟು ಫೋಟೊ ಹಾಕುವುದು ನಮ್ಮ ಸಂಧ್ಯಾವಂದನೆ. ಒಬ್ಬರದು ಜಿಂಕೆ ಕೊಂಬಿನ ಹಿಡಿ ಎಂದು ಹೇಳಿಕೊಳ್ಳುವ ಪ್ಲಾಸ್ಟಿಕ್ಕು, ಇನ್ನೊಬ್ಬರದು ಮಾವ ಕೊಟ್ಟ ಹಿತ್ತಾಳೆ ಹಿಡಿ. ಈ ಚಾಕುಗಳು ಮಾಡುವ ಕೆಲಸವೆಂದರೆ ಅಡಿಕೆ ಹೋಳು ಮಾಡುವುದು, ವೀಳ್ಯದೆಲೆಯ ತೊಟ್ಟು ಚಿವುಟುವುದು, ಸೌತೆಕಾಯಿ ಸೀಳುವುದು. ಒಮ್ಮೆ ನನ್ನ ಅಳಿಯ ಫೋನು ನೋಡಿ ಬೆಚ್ಚಿ, "ಮಾವ, ಇದೇನು ಗ್ಯಾಂಗು? ಯಾರಾದ್ರೂ ಹೆದರಿಸ್ತಾ ಇದಾರಾ?" ಎಂದು ಕೇಳಿದ್ದ.

ಬಳಗದಲ್ಲಿ ನನಗೆ ಹತ್ತಿರದವನು ಹಳೇಕೋಟೆಯ ಜವರೇಗೌಡ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ನಮ್ಮಿಬ್ಬರ ಚಾಕುಗಳೂ ಅಣ್ಣತಮ್ಮಂದಿರ ಹಾಗೆ. ಎರಡೂ ಅರಕಲಗೂಡು ಸಂತೆಯಲ್ಲಿ ಕೊಂಡವು, ಒಂದೇ ಕುಲುಮೆಯವು, ಎಮ್ಮೆಕೊಂಬಿನ ಕಪ್ಪು ಹಿಡಿಗೆ ಹಿತ್ತಾಳೆ ಮೊಳೆ. ನನ್ನದರ ಹಿಡಿಯ ತುದಿಯಲ್ಲಿ ಒಂದು ಚಕ್ಕೆ ಹಾರಿದೆ. ಒರಳುಕಲ್ಲಿನ ಮೇಲೆ ಬಿದ್ದ ಗುರುತು.

ಕಳೆದ ಮಾಘದಲ್ಲಿ ಬಳಗದವರೆಲ್ಲ ಗೊರೂರಿನಲ್ಲಿ ಸೇರಿದ್ದೆವು. ಹೊಳೆ ದಂಡೆಯಲ್ಲಿ ಜವರೇಗೌಡ ತನ್ನ ಟವೆಲ್ಲು ಹಾಸಿದ, ಎಲ್ಲರೂ ಅದರ ಮೇಲೆ ಚಾಕು ಇಟ್ಟರು. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದಂತೆ. ಕೆಳಗಿಡಬೇಕು, ನೋಡಬೇಕೆನ್ನುವವರು ತಾವೇ ಎತ್ತಿಕೊಳ್ಳಬೇಕು. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಮಹದೇವಪ್ಪನವರು ಎಲ್ಲವನ್ನೂ ವಿಡಿಯೋ ತೆಗೆದರು. ಹೊಳೆ, ಹೊಳೆಯಲ್ಲಿ ನಿಂತ ಎಮ್ಮೆ, ತಮ್ಮದೇ ಚಪ್ಪಲಿ, ಯಾವುದನ್ನೂ ಬಿಡಲಿಲ್ಲ. ಅವರ ವಿಡಿಯೋಗಳಿಗೆ ಎಲ್ಲರೂ ಕೈ ಮುಗಿಯುತ್ತೇವೆ, ಯಾರೂ ಪೂರ್ತಿ ನೋಡುವುದಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಎಲ್ಲರೂ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಓಡಿದೆವು.

ಮನೆಗೆ ಬಂದು ನೋಡುತ್ತೇನೆ, ಹಿಡಿಯಲ್ಲಿ ಚಕ್ಕೆ ಹಾರಿದ ಗುರುತಿಲ್ಲ! ಅಲಗು ಬೇರೆ ಮಸೆದು ಮಸೆದು ಹುಣಸೆ ಎಲೆಯಷ್ಟು ಸಣ್ಣಗಾಗಿದೆ. ಮಾರನೇ ಬೆಳಿಗ್ಗೆ ಜವರೇಗೌಡ ಫೋಟೊ ಹಾಕಿದ: 'ಇವತ್ತಿನ ಚಾಕು'. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದರೆ, ಅಲ್ಲಿದೆ ಚಕ್ಕೆ ಹಾರಿದ ನನ್ನ ಹಿಡಿ! ಸವೆದುಹೋದ ತನ್ನ ಚಾಕು ನನಗೆ ದಾಟಿಸಿ, ನನ್ನ ಗಟ್ಟಿ ಚಾಕು ಹೊಡೆದುಕೊಂಡಿದ್ದಲ್ಲದೆ ಫೋಟೊ ಹಾಕಿ ಅಣಕಿಸುತ್ತಿದ್ದಾನೆ. ನನಗೆ ಎಲ್ಲ ಹೊಳೆದುಬಿಟ್ಟಿತು. ಟವೆಲ್ಲು ಹಾಸಿದವನು ಯಾರು? ಅವನೇ. ತನ್ನ ಚಾಕುವನ್ನು ನನ್ನದರ ಪಕ್ಕದಲ್ಲೇ ಇಟ್ಟವನು ಯಾರು? ಅವನೇ. ಹೈಸ್ಕೂಲಿನಲ್ಲಿ ನನ್ನ ಜಾಮಿಟ್ರಿ ಬಾಕ್ಸಿನ ಕೈವಾರ ಕಳೆದಾಗ ಪಕ್ಕದಲ್ಲಿ ಕೂತಿದ್ದವನು ಯಾರು?

"ಒಂದು ಫೋನ್ ಮಾಡಿ ಕೇಳ್ಬಾರ್ದಾ?" ಎಂದಳು ಪುಟ್ಟಮ್ಮ.

"ಕೇಳಿದ್ರೆ ಹುಷಾರಾಗ್ತಾನೆ" ಎಂದೆ.

ಕೇಳುವ ಬದಲು ಬಳಗದಲ್ಲಿ ಚುಚ್ಚತೊಡಗಿದೆ. 'ಕೆಲವರಿಗೆ ತಮ್ಮದು ಯಾವುದು, ಪರರದು ಯಾವುದು ಎಂಬುದೇ ಮರೆತಿದೆ' ಎಂದು ಬರೆದೆ. ಯಾರಿಗೂ ಹೇಳಬೇಡಿ ಎಂದು ಮಹದೇವಪ್ಪನವರಿಗೆ ವಿಷಯ ತಿಳಿಸಿದೆ. ಅವರೂ ಹಾಗೇ, ಯಾರಿಗೂ ಹೇಳಬೇಡಿ ಎಂದು ಎಲ್ಲರಿಗೂ ತಿಳಿಸಿದರು. ನನ್ನ ಬಳಿಯಿದ್ದ ಚಾಕುವಿನ ಮೇಲೂ ಸಿಟ್ಟು. ಗೇಟಿಗೆ ಬಳಿಯಲು ತಂದ ಬಣ್ಣದ ಡಬ್ಬಿಯ ಮುಚ್ಚಳವನ್ನು ಅದರಿಂದಲೇ ಮೀಟಿದೆ. ಟಣ್ ಎಂದು ತುದಿ ಮುರಿಯಿತು. 'ಕಳ್ಳನ ಚಾಕು, ಕಳ್ಳನ ಹಣೆಬರಹ' ಎಂದುಕೊಂಡೆ. ಆ ಮಾತು ನೆನೆದರೆ ಈಗಲೂ ಮೈ ಮುದುಡುತ್ತದೆ.

ಒಂದು ಬೆಳಿಗ್ಗೆ ಜವರೇಗೌಡನ ಫೋಟೊ ಬರಲಿಲ್ಲ. ಅದರ ಬದಲು ಒಂದು ಸಾಲು: ಜವರೇಗೌಡ ಲೆಫ್ಟ್.

ಅರಕಲಗೂಡಿನವರು ಒಬ್ಬರು ನೇರವಾಗಿ ಕೇಳಿದರು: "ಅಲ್ಲ ಸಾ, ಅವ್ನು ಕದ್ದ ಅಂತೀರಲ್ಲ, ನೋಡ್ದೋರು ಯಾರು?" ಸಾಕ್ಷಿ ಬೇಕಲ್ಲ! ಆಗ ನೆನಪಾದದ್ದು ಮಹದೇವಪ್ಪನವರ ವಿಡಿಯೋ. ಕನ್ನಡಕ ಒರೆಸಿಕೊಂಡು ಕೂತೆ. ಹೊಳೆ ಬಂತು, ಎಮ್ಮೆ ಬಂತು, ಚಪ್ಪಲಿ ಬಂತು, ಕೊನೆಗೆ ಟವೆಲ್ಲು ಬಂತು. ಹಾರನ್ನು ಕೇಳಿದ್ದೇ ತಡ, ಎಲ್ಲರಿಗಿಂತ ಮೊದಲು ಒಂದು ಕೈ ನುಗ್ಗಿ, ನೋಡದೆ ಮಾಡದೆ ಒಂದು ಚಾಕು ಕಿತ್ತುಕೊಂಡು ಓಡಿತು. ಆ ಕೈಯಲ್ಲಿ ನನ್ನ ಗಡಿಯಾರವಿತ್ತು. ಜವರೇಗೌಡ ಉಳಿದವರೆಲ್ಲ ಎತ್ತಿಕೊಂಡ ಮೇಲೆ ನಿಧಾನವಾಗಿ ಬಗ್ಗಿ, ಟವೆಲ್ಲಿನ ಮೇಲೆ ಉಳಿದಿದ್ದ ಒಂದೇ ಒಂದು ಚಾಕುವನ್ನು ಎತ್ತಿಕೊಂಡ. ತಿರುಗಿಸಿ ನೋಡಿದ. ಬಸ್ಸಿನ ಕಡೆ ನೋಡಿದ. ಜೇಬಿಗೆ ಹಾಕಿಕೊಂಡ.

ಹಳೇಕೋಟೆಗೆ ಹೋದಾಗ ಅವನು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ. ನಾನು ಏನೇನೋ ತೊದಲಿದೆ. ಅವನು ತಲೆಯೆತ್ತದೆ ಹೇಳಿದ:

"ಅವತ್ತೇ ಗೊತ್ತಾಯ್ತು ಕಣ್ಲಾ. ಫೋನ್ ಮಾಡಿ ನನ್ ಚಾಕ ಕೊಡು ಅಂದ್ರೆ ನಿನ್ನ ಕಳ್ಳ ಅಂದಂಗಾಯ್ತದೆ ಅಂತ ಸುಮ್ಕಾದೆ. ಫೋಟೊ ಆಕ್ದೆ, ಅದ ನೋಡಾದ್ರೂ ನೀನೇ ಕೇಳ್ತೀಯ ಅಂತ. ನೀನು ಊರೋರ್ಗೆಲ್ಲಾ ನನ್ನೇ ಕಳ್ಳ ಮಾಡ್ಬುಟ್ಟಲ್ಲೋ!"

ಜೇಬಿನಿಂದ ಚಾಕು ತೆಗೆದು ಜಗಲಿಯ ಮೇಲಿಟ್ಟೆ. ಅವನು ಅಲಗು ಬಿಚ್ಚಿ ಮುರಿದ ತುದಿ ನೋಡಿದ. ಬಹಳ ಹೊತ್ತು ಹೆಬ್ಬೆರಳಿನಿಂದ ಸವರಿದ.

"ನಮ್ಮಪ್ಪಂದು ಇದು. ಸಾಯೋಗಂಟ ಸೊಂಟದಾಗೇ ಮಡಿಕಂಡಿತ್ತು."

ಆಮೇಲೆ ಅವನೇ ಉಸಿರು ಬಿಟ್ಟು, "ಓಗ್ಲಿ ಬುಡು. ನಮ್ಮಪ್ಪಂಗೂ ಮುಂದ್ಲ ಅಲ್ಲು ಒಂದು ಮುರ್ದಿತ್ತು" ಎಂದ. ಒಳಗಿನಿಂದ ನನ್ನ ಚಾಕು ತಂದು, ತನ್ನದರ ಪಕ್ಕದಲ್ಲಿಟ್ಟು ಹಿಂದೆ ಸರಿದ. ಇಬ್ಬರೂ ನೋಡುತ್ತ ನಿಂತೆವು. "ಮೊದ್ಲು ನೀನು ತಕ್ಕೊ" ಎಂದೆ.

"ನೀನೇ ಎತ್ಕಳ್ಳಾ. ನಿಂಗೆ ಅಭ್ಯಾಸ ಅದೆ."

ಅವನ ಹೆಂಡತಿ ಒಳಗೆ ಕಿಸಕ್ಕೆಂದದ್ದು ಕೇಳಿಸಿತು. ನಾನು ಹಿಡಿಯಲ್ಲಿ ಚಕ್ಕೆ ಹಾರಿದ ಜಾಗವನ್ನು ಎರಡು ಸಲ ಮುಟ್ಟಿ ನೋಡಿ ಎತ್ತಿಕೊಂಡೆ.

ಬಳಗದಲ್ಲಿ ತಪ್ಪೊಪ್ಪಿಕೊಂಡು ಬರೆದೆ. ವಿಡಿಯೋ ಕೊನೆವರೆಗೆ ನೋಡಬೇಕೆಂದು ಎಲ್ಲರನ್ನೂ ಕೇಳಿಕೊಂಡೆ. ಮಹದೇವಪ್ಪನವರಿಗೆ ಪರಮಾನಂದವಾಯಿತು. ಜವರೇಗೌಡ ಮತ್ತೆ ಬಳಗಕ್ಕೆ ಬಂದಿದ್ದಾನೆ, ದಿನಾ ಮೊಂಡು ಮೂತಿಯ ಚಾಕುವಿನ ಫೋಟೊ ಹಾಕುತ್ತಾನೆ. ನಾನು ದಿನಾ ಕೈ ಮುಗಿಯುತ್ತೇನೆ.

ಇಲ್ಲಿಗೇ ಮುಗಿಸಿದ್ದರೆ ನಿಮಗೆ ನನ್ನ ಮೇಲೆ ಗೌರವ ಉಳಿಯುತ್ತಿತ್ತು. ಆದರೆ ಹಳೇಕೋಟೆಯಿಂದ ಬಂದ ಸಂಜೆ ಸೌತೆಕಾಯಿ ಹೆಚ್ಚಲು ಕೂತೆ. ಚಾಕು ಕಾಯಿ ದಾಟಿ ಬೆರಳಿಗೇ ಇಳಿಯಿತು. ಇಷ್ಟು ವರ್ಷ ಮೊಂಡಾಗಿದ್ದ ನನ್ನ ಚಾಕುವನ್ನು ಅವನು ಕೂದಲು ಸೀಳುವಷ್ಟು ಹರಿತವಾಗಿ ಮಸೆದು ಕೊಟ್ಟಿದ್ದಾನೆ! ಪುಟ್ಟಮ್ಮ ಅರಿಶಿನ ಮೆತ್ತಿ ಬಟ್ಟೆ ಕಟ್ಟುತ್ತಾ, "ಪಾಪ, ಎಷ್ಟು ಒಳ್ಳೆ ಮನುಷ್ಯ" ಎಂದಳು.

ನಾನು ಕಟ್ಟಿದ ಬೆರಳನ್ನು ನೋಡುತ್ತಾ ಕೇಳಿದೆ: "ಅಲ್ಲ ಕಣೇ, ಬೇರೆಯವರ ಚಾಕುನ ಯಾರಾದ್ರೂ ಸುಮ್‌ಸುಮ್ನೆ ಮಸೀತಾರಾ?"