ಕಾಕಾರ ಲ್ಯಾಪ್‌ಟಾಪಿನ ಕಾವು

ಸೊಲ್ಲಾಪುರದಲ್ಲಿ ಹಳೆಯ ಲ್ಯಾಪ್‌ಟಾಪ್ ರಿಪೇರಿ ಮಾಡಿಕೊಂಡು ಕೂತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಗಾದರೆ ಯಾರಾದರೊಬ್ಬರು ಅಂಗಡಿಗೇ ಬಂದು ಆ ವ್ಯವಸ್ಥೆ ಮಾಡುತ್ತಾರೆ. ಬಿಸಿಯಾಗುತ್ತದೆ ಅಂತ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟವರನ್ನೂ ನೋಡಿದ್ದೇನೆ. ಆದರೆ ಅಕ್ಕಲಕೋಟ ಕಡೆಯ ಒಬ್ಬ ಜಮೀನುದಾರ ಕಾಕಾ ಅವರೆಲ್ಲರನ್ನೂ ಮೀರಿಸಿದರು.

೧. ಟಾವೆಲ್

ಕಾಕಾ ಬಸ್ಸಿಳಿದು ನೇರ ಅಂಗಡಿಗೆ ಬಂದರು. ಕಂಕುಳಲ್ಲಿ ಟಾವೆಲ್ ಸುತ್ತಿದ ಗಂಟು. ಕೂಸನ್ನು ಮಲಗಿಸುವಂತೆ ಅದನ್ನು ಟೇಬಲ್ಲಿನ ಮೇಲಿಟ್ಟರು. ಒಳಗೆ, ಮಗಳು ಕಾಲೇಜಿನಲ್ಲಿದ್ದಾಗ ಕೊಂಡ ಲ್ಯಾಪ್‌ಟಾಪ್.

"ಹದಿನೈದು ಮಿನಿಟಿಗಿ ಕಾದ ಹಂಚಾಗಿ ಬಂದ್ ಬೀಳ್ತದ್ರಿ. ಸೋಮವಾರ ಮಗಳದು ಇದರಾಗ ಇಂಟರ್‌ವ್ಯೂ ಅದ. ಪುಣೆದಾಗ ಕಾಲೇಜಿನ ನೌಕರಿ. ನಡುವ ಬಂದ್ ಬಿತ್ತಂದ್ರ ನೌಕರಿ ಹೋತಂತ ತಿಳೀರಿ."

"ಟಾವೆಲ್ ಯಾಕ್ರಿ?"

"ಊರಾಗ ಧೂಳ ಭಾಳ."

"ಚಾಲೂ ಇದ್ದಾಗ ತೆಗೀತೀರಿಲ್ಲೊ?"

"ಚಾಲೂ ಇದ್ದಾಗ ಧೂಳ ಸುಮ್ಮ ಕೂಡತದೇನ್ರಿ? ಮುಖ ಒಂದ ಬಿಟ್ಟು ಎಲ್ಲಾ ಸುತ್ತತೀನಿ."

ಬಿಚ್ಚಿ ನೋಡಿದರೆ, ಫ್ಯಾನಿನ ಬಾಯಿಗೆ ನೂಲಿನ ಎಳೆಗಳು ಸೇರಿ ಒಂದು ಪುಟ್ಟ ಗಾದಿಯೇ ತಯಾರಾಗಿತ್ತು. ಸ್ವಲ್ಪ ನಾಚಿಕೆಯಾಗಲಿ ಅಂತ ಎತ್ತಿ ಅವರ ಕೈಗಿಟ್ಟೆ. ಕಾಕಾ ಬೆರಳಲ್ಲಿ ತಿಕ್ಕಿ ನೋಡಿದರು.

"ಮಾಲ್ ಛಲೋ ಅದ. ಟಾವೆಲ್ಲಿಗಿಂತ ಇದ ದಪ್ಪ ಅದ."

೨. ಪೇಸ್ಟ್

ಒಳಗೆ ಚಿಪ್‌ನ ಮೇಲೆ ಕಾವು ಎಳೆಯುವ ಪೇಸ್ಟ್ ಒಣಗಿ ಪುಡಿಯಾಗಿತ್ತು. ಅದನ್ನು ಒರೆಸಿ, ಹೊಸದನ್ನು ಒಂದು ಕಾಳಿನಷ್ಟು ಹಚ್ಚಿದೆ. ಎದುರಿಗೆ ಕಾಕಾ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಕೂತಿದ್ದರು.

"ಇಷ್ಟ? ಕೈ ಬಿಚ್ಚಿ ಹಚ್ಚರಿ."

"ಹೆಚ್ಚಾದ್ರ ಕೆಡ್ತದ ಕಾಕಾ. ತಂಬಾಕಿಗಿ ಸುಣ್ಣ ಹೆಚ್ಚಾದ್ರ ಏನಾಗ್ತದ?"

"ಬಾಯಿ ಸುಡತದ."

"ಇದೂ ಹಂಗ."

ಇಷ್ಟು ಚೆನ್ನಾಗಿ ನಾನು ಯಾರಿಗೂ ತಿಳಿಸಿ ಹೇಳಿರಲಿಲ್ಲ. ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಕಾಕಾ ತಲೆಯಾಡಿಸಿ, ತಮ್ಮ ಸುಣ್ಣದ ಡಬ್ಬಿಯನ್ನು ನನ್ನ ಮುಂದೆ ಸರಿಸಿದರು.

"ಹಂಗಾರ ನಿಮ್ಮದು ತೀರಿದ್ರ ಇದೂ ನಡೀತದ, ತಗೋರಿ."

೩. ಕೂಲರ್

ಟಾವೆಲ್ ಬೇಡ, ಗಟ್ಟಿ ಹಲಗೆಯ ಮೇಲಿಡಿ, ಕೆಳಗೆ ಗಾಳಿಯಾಡಲಿ ಅಂತ ಹೇಳಿ ಕಳಿಸಿದೆ. ಶನಿವಾರ ಫೋನು ಬಂತು.

"ಲ್ಯಾಪ್‌ಟಾಪಿನ ಆವಾಜ್ ಪೂರಾ ನಿಂತದ್ರಿ!"

ಖುಷಿಯಾಯಿತು. ಆದರೆ ಅವರ ಹಿಂದೆ ಯಾವುದೋ ಮಿಲ್ಲು ನಡೆಯುತ್ತಿದ್ದಂತೆ ಸದ್ದು.

"ಹಿಂದ ಏನ್ರಿ ಅದು ಗದ್ದಲ?"

"ಕೂಲರ್. ನೀರ ತುಂಬಿ ಅದರ ಮುಂದ ಇಟ್ಟೀನಿ."

ನೀರು ಸಿಡಿದರೆ ಸೋಮವಾರದ ತನಕ ಕಾಯಬೇಕಿಲ್ಲ, ಇವತ್ತೇ ಮುಗಿಯುತ್ತದೆ, ಮೊದಲು ಬಂದ್ ಮಾಡಿ ಅಂತ ಗಂಟಲು ಹರಿಯುವಂತೆ ಕೂಗಿದೆ.

"ಜೋರ ಹೇಳ್ರಿ," ಎಂದರು ಕಾಕಾ ಸಂತೋಷದಿಂದ. "ಈಗ ನಿಮ್ಮ ಆವಾಜೂ ನಿಂತದ."

೪. ಇಂಟರ್‌ವ್ಯೂ

ಸೋಮವಾರ ನನಗೆ ಊಟ ಸೇರಲಿಲ್ಲ. ರಿಪೇರಿ ನನ್ನದು, ಆ ಹುಡುಗಿಯ ನೌಕರಿ ಹೋದರೆ ಮುಖ ಎಲ್ಲಿಡಲಿ? ವಾರ ಕಳೆದು ಕಾಕಾ ಬಂದರು. ಮುಖ ಗಂಟು ಹಾಕಿಕೊಂಡಿದ್ದರು.

"ನಡುವ ಬಂದ್ ಬಿತ್ತೇನ್ರಿ?"

"ಇಲ್ಲ. ಆದ್ರ ನನಗ ಧೈರ್ಯ ಆಗಲಿಲ್ಲ."

ಮಗಳು ಬೇಡವೆಂದರೂ ಕೇಳದೆ ಬೀಸಣಿಕೆ ಹಿಡಿದು ಟೇಬಲ್ಲಿನ ಬುಡದಲ್ಲಿ ಕೂತಿದ್ದರಂತೆ. ಬೀಸುವ ಭರದಲ್ಲಿ ಅವರ ಬಿಳಿ ಟೋಪಿ ಮಗಳ ಪಕ್ಕದಲ್ಲಿ ಏಳುತ್ತ ಮುಳುಗುತ್ತ ಇತ್ತು. ಪರದೆಯ ಮೇಲಿದ್ದ ಪುಣೆಯ ಸಾಹೇಬರು ಮಾತು ನಿಲ್ಲಿಸಿ, ಯಾರದು ಅಂತ ಮರಾಠಿಯಲ್ಲಿ ಕೇಳಿದರು. ಕಾಕಾ ಎದ್ದು ನಿಂತು ಕೈಮುಗಿದರು: "ಮೀ ಕೋಣೀ ನಾಹೀ ಸಾಹೇಬ, ತುಮಚಂ ಚಾಲೂ ದ್ಯಾ." ನಾನು ಯಾರೂ ಅಲ್ಲ, ನಿಮ್ಮದು ನಡೆಯಲಿ ಅಂತ.

ಆದರೆ ಸಾಹೇಬರು ಬಿಡಲಿಲ್ಲ. ಯಾಕೆ ಬೀಸುತ್ತೀರಿ ಅಂತ ಕೇಳಿದರು. ಆಮೇಲೆ, ನನ್ನ ಲ್ಯಾಪ್‌ಟಾಪೂ ಹೀಗೇ ಕಾಯುತ್ತದಲ್ಲ, ಏನು ಮಾಡಲಿ ಅಂದರು. ಅವರ ಪಕ್ಕದಲ್ಲಿದ್ದ ಮೇಡಮ್ಮೂ ತಮ್ಮದನ್ನು ಹೇಳಿಕೊಂಡರು. ಕಾಕಾ ಒಬ್ಬೊಬ್ಬರಿಗೂ ಬಿಡಿಸಿ ಬಿಡಿಸಿ ಉತ್ತರ ಕೊಟ್ಟರು. ಮಗಳು ಪಕ್ಕಕ್ಕೆ ಸರಿದು ಕೂತಿದ್ದಳಂತೆ.

ನನಗೆ ಅಳುವುದೊಂದು ಬಾಕಿ. "ನೌಕರಿ ಏನಾತ್ರಿ ಕಾಕಾ?"

"ಅನ್ಯಾಯ ಆಗ್ಯಾದ್ರಿ," ಎಂದರು ಕಾಕಾ. "ಪ್ರಶ್ನಾ ಎಲ್ಲಾ ನನಗ ಕೇಳಿದ್ರು, ನೌಕರಿ ಆಕಿಗಿ ಕೊಟ್ಟರು."