ಜಗಲಿಯವರೆಗೆ ಬಂದ ನಮ್ಮ ಯಜಮಾನರು

ಮಗುವಿಗೆ ಜ್ವರ ಬಂದರೆ ಅಂಗಿ ಗುಂಡಿಯನ್ನೂ ಹಾಕಿಕೊಳ್ಳದೆ ಡಾಕ್ಟರ ಹತ್ತಿರ ಓಡುವ ಗಂಡಸರು, ಅದೇ ಮಗು ಮಾತು ಬಿಟ್ಟಿದೆ ಎಂದರೆ ಪೇಪರಿನ ಹಿಂದೆ ಅಡಗಿಕೊಳ್ಳುತ್ತಾರೆ. ನಮ್ಮ ಯಜಮಾನರಂತೂ ಜಾಹೀರಾತನ್ನೂ ಬಿಡದೆ ಓದುತ್ತಿದ್ದರು. ಅವರನ್ನು ದಾರಿಗೆ ತಂದವಳು ನಾನೇ ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದ್ದೇನೆ. ನಡೆದದ್ದು ಸ್ವಲ್ಪ ಬೇರೆ.

ಅರವತ್ತರ ದಶಕದ ಮಾತು. ನಾವು ಹರಿಹರದಲ್ಲಿದ್ದೆವು, ಯಜಮಾನರು ಪಾರ್ಸೆಲ್ ಆಫೀಸಿನ ಗುಮಾಸ್ತರು. ನಮ್ಮ ಹದಿಮೂರು ವರ್ಷದ ಮಗಳು ಗಿರಿಜೆಗೆ ಮೊದಲಿನಿಂದಲೂ ಮಾತು ತಡವರಿಸುತ್ತಿತ್ತು. ಆ ವರ್ಷ ಶಾಲೆಯಲ್ಲಿ ಬಾಯಿ ತೆರೆಯುವುದನ್ನೇ ನಿಲ್ಲಿಸಿದಳು. ಹಾಜರಿ ಕೂಗಿದರೆ ಕೈ ಎತ್ತುವಳು, ಅಷ್ಟೆ. ಇನ್ನು ಶಾಲೆಗೆ ಹೋಗುವುದಿಲ್ಲ ಎಂದು ಒಂದು ದಿನ ಚೀಟಿ ಬರೆದು ನನ್ನ ಕೈಗಿಟ್ಟಳು. ಆಗ ಯಾರೋ ದಾವಣಗೆರೆಯ ಜುಲೇಖಾ ಟೀಚರ ಹೆಸರು ಹೇಳಿದರು. ಮಕ್ಕಳ ಮನಸ್ಸಿನ ಬಗ್ಗೆ ಮೈಸೂರಿನಲ್ಲಿ ಓದಿ ಬಂದ ಅವರು ಶನಿವಾರ ಮಧ್ಯಾಹ್ನ ಮನೆಯಲ್ಲೇ ಮಕ್ಕಳನ್ನು ಮಾತಾಡಿಸುತ್ತಿದ್ದರು. ಈಗ ಅದಕ್ಕೆ ಕೌನ್ಸೆಲಿಂಗ್ ಎನ್ನುತ್ತಾರೆ. ಆಗ ನಮ್ಮ ಓಣಿಯಲ್ಲಿ ಅದಕ್ಕಿದ್ದ ಹೆಸರು ಹುಚ್ಚಿನ ಔಷಧ.

ಗಿರಿಜೆಯನ್ನು ಕರೆದುಕೊಂಡು ಹೋದ ಮೊದಲ ದಿನವೇ ಟೀಚರು, "ಮುಂದಿನ ವಾರ ಇವಳ ಅಪ್ಪನ್ನೂ ಕರ್ಕೊಂಡು ಬರ್ರಿ" ಎಂದರು. ಯಜಮಾನರಿಗೆ ಹೇಳಿದರೆ, "ನನ್ನ ಮಗಳಿಗೆ ಏನಾಗೈತೆ? ಜನ ಏನಂತಾರೆ? ಬ್ಯಾಡ" ಎಂದು ಪೇಪರು ಮಗುಚಿದರು. ನಾನು ಅತ್ತೆ, ಉಪವಾಸ ಕೂತೆ, ಉಪ್ಪಿಲ್ಲದ ಸಾರು ಬಡಿಸಿದೆ. ಅವರು ಅದನ್ನೂ ಎರಡು ಸಲ ಹಾಕಿಸಿಕೊಂಡು ಉಂಡರು. ಕೊನೆಗೆ ಒಂದು ಶನಿವಾರ ಗಿರಿಜೆಯೇ ಅವರ ಮುಂದೆ ಹೋಗಿ ನಿಂತಳು. "ಅ... ಅಪ್ಪಾ, ನೀ... ನೀನೂ ಬಾ." ಅವರು ಪೇಪರು ಮಡಿಸಿಟ್ಟು ಚಪ್ಪಲಿ ಹುಡುಕಿದರು.

ಆದರೂ ಟೀಚರ ಮನೆ ಹೊಸ್ತಿಲು ದಾಟಲಿಲ್ಲ. "ನಾನು ಇಲ್ಲೇ ಕೂಡ್ತೀನಿ" ಎಂದು ಜಗಲಿಯ ಮೇಲೆ ಕೂತರು. ಜುಲೇಖಾ ಟೀಚರು ಚಾಪೆ ತಂದು ಜಗಲಿಯಲ್ಲೇ ಹಾಸಿ ನಮ್ಮನ್ನೂ ಕೂರಿಸಿದರು.

"ಹೆಂಗೆ ಬಂದ್ರಿ, ಗಿರಿಜಾ?"

"ರೈ... ರೈ..."

"ರೈಲಿನಾಗೆ ಬಂದ್ವಿ ಟೀಚರ್, ಕೂಡಾಕೆ ಜಾಗನೇ ಇರಲಿಲ್ಲ" ಎಂದೆ ನಾನು.

ಟೀಚರು ಯಜಮಾನರ ಕಡೆ ತಿರುಗಿದರು. "ನೀವು ಮನೆಯಾಗೆ ಮಗಳ ಜೊತೆ ಏನು ಮಾತಾಡ್ತೀರಿ?"

ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನು, "ಅವರೇನು ಮಾತಾಡ್ತಾರ್ರೀ, ಪೇಪರ್ ಓದ್ತಾರೆ" ಎಂದೆ.

ಟೀಚರ ಕಣ್ಣು ನನ್ನ ಮೇಲೆ ನಿಂತಿತು. ಯಜಮಾನರು ಮೆಲ್ಲಗೆ, "ಹದಿನೈದು ವರ್ಷದಿಂದ ಹಿಂಗೇ ಐತ್ರಿ" ಎಂದರು. ಗಿರಿಜೆ ಕಿಸಕ್ಕನೆ ನಕ್ಕಳು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ.

ಅವತ್ತು ಟೀಚರು ಕೊಟ್ಟ ಔಷಧ ನನಗೆ. ಮಗಳು ಮಾತು ಮುಗಿಸುವ ತನಕ ನಾನು ತುಟಿ ಬಿಚ್ಚಬಾರದು. ಯಜಮಾನರು ದಿನವೂ ಪೇಪರಿನ ಒಂದು ಸುದ್ದಿ ಅವಳಿಗೆ ಓದಿ ಹೇಳಬೇಕು, ಅವಳು ಅದನ್ನು ತಿರುಗಿ ಹೇಳಬೇಕು. ಅವರದು ಸುಲಭವಾಯಿತು. ನಾನು ಸೆರಗು ಕಚ್ಚಿಕೊಂಡು ಕೂತು ಎರಡು ಸೀರೆ ಹಾಳು ಮಾಡಿಕೊಂಡೆ.

ಮೂರು ತಿಂಗಳಿಗೆ, ಮತ್ತೆ ಶಾಲೆಗೆ ಹೋಗತೊಡಗಿದ್ದ ಗಿರಿಜೆ ಒಂದು ಸಂಜೆ ಅಡುಗೆಮನೆಗೆ ಬಂದಳು. ಕ್ಲಾಸಿನಲ್ಲಿ ಎದ್ದುನಿಂತು ಉತ್ತರ ಹೇಳಿದ್ದನ್ನು ಹೇಳತೊಡಗಿದಳು. ಅಲ್ಲಲ್ಲಿ ನಿಂತಳು, ಮತ್ತೆ ಹೊರಟಳು. ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ನಾನು ಅಲುಗಾಡಲಿಲ್ಲ. ಎಲ್ಲ ಮುಗಿಸಿ, "ಯಾ... ಯಾಕವ್ವಾ, ಏನೂ ಮಾತಾಡವಲ್ಲಿ?" ಎಂದಳು.

ಹೇಳಬೇಕೆಂದು ಬಾಯಿ ತೆರೆದೆ. ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡಿತು. ಗಿರಿಜೆ ಅವಸರ ಮಾಡಲಿಲ್ಲ. ನನ್ನ ಎದುರು ಕೂತು, ಮಾತು ಬರುವವರೆಗೆ ಕಾದಳು.