ತಾಮ್ರದ ಲ್ಯಾಬಿನಲ್ಲಿ ಬಂಗಾರ ಸೀಯಿಸಿದ್ದು

ಅದಿರು ಪರೀಕ್ಷೆ ಮಾಡುವವರ ಬಾಳಲ್ಲಿ ನಗುವಂಥದ್ದೇನಿರುತ್ತೆ ಅಂತ ಕೇಳುವವರಿದ್ದಾರೆ. ಕಲ್ಲು ಸುಮ್ಮನಿದ್ದರೂ ಮನುಷ್ಯರು ಸುಮ್ಮನಿರಬೇಕಲ್ಲ! ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಹೊರಗೆ, ಅದಿರಿನಿಂದ ತಾಮ್ರ ಬೇರ್ಪಡಿಸುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಆ ಲ್ಯಾಬಿಗೆ ಕಾಲಿಟ್ಟ ಮೊದಲ ಹೆಂಗಸು. ಹಾಗಾಗಿ ಒಂದಲ್ಲ ಒಂದು ಪ್ರಸಂಗ ತಪ್ಪುತ್ತಲೇ ಇರಲಿಲ್ಲ.

ಸೀರೆ

ಮೊದಲ ದಿನವೇ ಮ್ಯಾನೇಜರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದು ಆಸಿಡ್ ಕೆಲಸ ಕಣಮ್ಮ. ಸೀರೆ ತೂತು ಬೀಳ್ತೈತೆ. ಟೈಪಿಂಗ್ ಸೆಕ್ಷನ್ನಲ್ಲಿ ಜಾಗ ಐತೆ, ಅಲ್ಲಿಗೆ ಹೋಗು."

"ತೂತು ಬೀಳದಂಗೆ ಕೆಲಸ ಮಾಡೋದನ್ನೇ ಕಾಲೇಜಲ್ಲಿ ಕಲಿಸಿದ್ದು ಸಾರ್," ಅಂದೆ.

"ಇಲ್ಲಿ ನೋಡು, ಎಷ್ಟು ಅಪಾಯ ಐತೆ ಅಂತ!" ಎಂದು ಅವರೇ ಬಾಟಲಿ ಎತ್ತಿ ಜೋರಾಗಿ ಬಗ್ಗಿಸಿದರು. ಅಪಾಯ ನೆಟ್ಟಗೆ ಅವರ ಪ್ಯಾಂಟಿನ ಮೇಲೆ ಬಿತ್ತು. ನಾನು ನೀರು ಸುರಿದೆ; ಚರ್ಮ ಉಳಿಯಿತು, ಬಟ್ಟೆ ಉಳಿಯಲಿಲ್ಲ. ಕೊನೆಗೆ ನನ್ನ ಏಪ್ರನ್ ಸುತ್ತಿಕೊಂಡು ಜೀಪು ಹತ್ತಿದರು. ಏಪ್ರನ್ ಮಾರನೇ ದಿನ ವಾಪಸ್ ಬಂತು. ಟೈಪಿಂಗ್ ಮಾತು ಮಾತ್ರ ಬರಲೇ ಇಲ್ಲ.

ಬಂಗಾರ

ಮಾಡದಕೆರೆ ಕಡೆಯ ಕುರಿ ಕಾಯುವ ಅಜ್ಜ ಒಬ್ಬರು ಕಂಬಳಿಯೊಳಗೆ ಫಳಫಳ ಹೊಳೆಯುವ ಹಳದಿ ಕಲ್ಲು ತಂದಿದ್ದರು.

"ನೋಡವ್ವ, ಬಂಗಾರ."

"ಅಲ್ಲ ಅಜ್ಜ. ಇದು ಕಬ್ಬಿಣ, ಗಂಧಕ ಸೇರಿರೋ ಕಲ್ಲು. ಹೊಳಪು ಅಷ್ಟೆ."

"ಬರೇ ಬಾಯಿಮಾತು ಬ್ಯಾಡ. ಸುಟ್ಟು ತೋರ್ಸು."

ಪುಡಿ ಮಾಡಿ, ಮೂಸೆಯಲ್ಲಿಟ್ಟು ಕಾಯಿಸಿದೆ. ಗಂಧಕದ ಘಾಟು ಎದ್ದು ಇಬ್ಬರೂ ಕೆಮ್ಮಿದೆವು. ಹೊಳಪೆಲ್ಲ ಹೋಗಿ ಕೆಮ್ಮಣ್ಣಿನಂಥ ಪುಡಿ ಉಳಿಯಿತು.

"ನೋಡಿದ್ರಾ ಅಜ್ಜ?"

"ನೋಡ್ದೆ ಬಿಡು. ಉರಿ ಜಾಸ್ತಿ ಮಾಡಿ ಒಳ್ಳೇ ಬಂಗಾರಾನ ಸೀಯಿಸಿಬಿಟ್ಯಲ್ಲವ್ವ!" ಎಂದು ಕಂಬಳಿ ಕೊಡವಿ ಎದ್ದೇ ಹೋದರು.

ಮುಂದೆ ಹೊಸದುರ್ಗದ ಸಂತೆಯಲ್ಲಿ ಬಳೆ ಮಾರುವಾಕೆ ನನ್ನನ್ನೇ ದಿಟ್ಟಿಸಿ, "ಬಂಗಾರ ಸೀಯಿಸಿದಾಕೆ ನೀವೇನ್ರಿ?" ಅಂದಳು.

"ಹೂಂ, ನಾನೇ. ನಿನ್ನ ಸರ ಕೊಡು, ಅದನ್ನೂ ನೋಡಾಣ," ಅಂದೆ. ಸರ ತಟ್ಟನೆ ಸೆರಗಿನೊಳಗೆ ಹೋಯಿತು.

ಬೆರಳು

ಹಿರಿಯೂರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಕಾಫಿ ಕೊಡುವಾಗ ಗಂಡಿನ ತಾಯಿ ನನ್ನ ಬೆರಳ ತುದಿ ಹಿಡಿದುಕೊಂಡರು.

"ಏನಿದು, ಇಷ್ಟು ಹಳದಿ?"

"ಅರಿಶಿನ ಕಣ್ರಿ. ಅಡಿಗೆ ಎಲ್ಲಾ ಇವಳದೇ," ಅಂದರು ನಮ್ಮಮ್ಮ.

"ಅರಿಶಿನ ಅಲ್ಲ, ನೈಟ್ರಿಕ್ ಆಸಿಡ್ಡು," ಅಂದೆ ನಾನು. ಗಂಡಿನ ತಾಯಿ ಕೈ ಬಿಟ್ಟರು. ಕಾಫಿಯನ್ನೂ ಕೆಳಗಿಟ್ಟರು.

"ಮದ್ವೆ ಆದ್ಮೇಲೆ ಈ ಕೆಲಸ ಬಿಡ್ತೀಯ ತಾನೆ?"

"ನಿಮ್ಮ ಮಗ ಬಿಡ್ತಾರಾ?"

"ಅವನ್ಯಾಕೆ ಬಿಡ್ತಾನೆ?"

"ನಾನೂ ಅದಕ್ಕೇ ಬಿಡಲ್ಲ."

ಅವರು ಹೊರಟುಹೋದ ಮೇಲೆ ಅಮ್ಮ ಕಾಫಿ ಲೋಟಗಳನ್ನು ಎತ್ತಿಟ್ಟರು. ಆಮೇಲೆ ನನ್ನ ಬೆರಳು ನೋಡಿ ನಿಟ್ಟುಸಿರು ಬಿಟ್ಟು ಅಂದರು: "ಹೋಗ್ಲಿ ಬಿಡು. ಅರಿಶಿನದ ಶಾಸ್ತ್ರ ಆದ್ರೂ ಮುಗಿದೈತೆ."

ನೀಲಿ

ನಮ್ಮಲ್ಲಿ ಅದಿರನ್ನು ರಾಗಿಹಿಟ್ಟಿನಂತೆ ಬೀಸಿ, ನೀರಿಗೆ ಎಣ್ಣೆ ಬೆರೆಸಿ ಗಾಳಿ ಊದುತ್ತಿದ್ದರು. ತಾಮ್ರವಿದ್ದ ಪುಡಿ ನೊರೆಗೆ ಅಂಟಿ ಮೇಲೆ ತೇಲಬೇಕು. ಉಳಿದದ್ದು ಕಸವಾಗಿ ಹೊರಗೆ ಹೋಗಬೇಕು. ಒಂದು ಸಲ ತಾಮ್ರವೂ ಕಸದ ಜೊತೆಗೇ ಹೋಗತೊಡಗಿತು. ಗಾಳಿ ಊದುವ ಯಂತ್ರ ಕೆಟ್ಟಿತ್ತು. ಅಷ್ಟರಲ್ಲಿ ದೊಡ್ಡ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಬಂತು.

"ರಿಪೋರ್ಟಲ್ಲಿ ಕಸದೊಳಗಿನ ತಾಮ್ರದ ಅಂಕಿ ಸ್ವಲ್ಪ ಇಳಿಸಮ್ಮ," ಅಂದರು ಮ್ಯಾನೇಜರು.

"ಅಂಕಿ ಇಳಿಸಿದ್ರೆ ಹೋದ ತಾಮ್ರ ವಾಪಸ್ ಬರ್ತೈತಾ ಸಾರ್?"

"ಹಂಗಾದ್ರೆ ಸಾಹೇಬ್ರು ಹೋದ್ಮೇಲೆ ನೀನೂ ಮನೆಗೆ ಹೋಗು."

ತಪಾಸಣೆಯ ದಿನ ಅಂಕಿ ಇದ್ದಂತೆಯೇ ಕೊಟ್ಟೆ. ಸಾಹೇಬರ ಎದುರಿಗೇ ಕಸದ ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಅಮೋನಿಯ ಹಾಕಿದೆ. ತಾಮ್ರವಿದ್ದರೆ ನೀಲಿ ಬರಬೇಕು. ಗಾಢವಾಗಿ ಬಂತು.

"ಬಟ್ಟೆಗೆ ಹಾಕೋ ನೀಲಿ ಸೇರಿಸಿದ್ದಾಳೆ ಸಾರ್!" ಎಂದು ಮ್ಯಾನೇಜರು ಕೂಗಿದರು. "ನಾನೇ ತರ್ತೀನಿ ನೋಡ್ರಿ!" ಯಾರನ್ನೂ ನಂಬದೆ ತಮ್ಮ ಊಟದ ಡಬ್ಬಿಯಲ್ಲೇ ಕಸ ತುಂಬಿ ತಂದರು. ತಮ್ಮ ಕೈಯಾರೆ ಕರಗಿಸಿದರು, ತಮ್ಮ ಕೈಯಾರೆ ಅಮೋನಿಯ ಹಾಕಿದರು. ಮೊದಲಿಗಿಂತ ಕಡು ನೀಲಿ!

"ಈಗ ನೀಲಿ ಹಾಕಿದ್ಯಾರು?" ಎಂದರು ಸಾಹೇಬರು.

ಮ್ಯಾನೇಜರು ಬೆವರೊರೆಸಿಕೊಂಡು, "ಡಬ್ಬಿ ತೊಳೆದಿದ್ದು ನನ್ನ ಹೆಂಡ್ತಿ ಸಾರ್!" ಅಂದುಬಿಟ್ಟರು.

ಯಂತ್ರ ರಿಪೇರಿಗೆ ಆರ್ಡರಾಯಿತು, ನನ್ನ ಕೆಲಸ ಉಳಿಯಿತು. ಆದರೆ ಆ ಮಾತು ಕ್ವಾರ್ಟರ್ಸ್ ಮುಟ್ಟದೆ ಇರುತ್ತಾ? ಮಾರನೇ ದಿನ ಮ್ಯಾನೇಜರ ಹೆಂಡತಿ ಡಬ್ಬಿ ಹಿಡಿದು ಲ್ಯಾಬಿನತ್ತ ಬಿರಬಿರನೆ ಬರುತ್ತಿದ್ದರು. ಮ್ಯಾನೇಜರು ಓಡಿಬಂದು ನನ್ನ ಮೇಜಿನ ಕೆಳಗೆ ಕುಳಿತರು.

"ನಾನಿಲ್ಲ ಅಂತ ಹೇಳಮ್ಮ, ದಮ್ಮಯ್ಯ!"

"ಇಲ್ಲ ಸಾರ್," ಅಂದೆ, "ಇರೋದನ್ನ ಇಲ್ಲ ಅಂತ ರಿಪೋರ್ಟ್ ಕೊಡೋ ಲ್ಯಾಬಲ್ಲ ಇದು." ಹಾಗಂದು ಬಾಗಿಲು ತೆಗೆದೆ. "ಬರ್ರಿ ಅಕ್ಕ, ಮೇಜಿನ ಕೆಳಗವ್ರೆ."